ಬಿಸಿಲುಂಡ ಮುಖಕ್ಕೆ ಆಸಿಡ್ ಕ್ರೀಮ್ ಹಚ್ಚುವ ಕ್ರಮ: ಕಲಬುರಗಿ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ತೋಳಿನ ಒಳಬದಿಯ ಚರ್ಮವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆ ಜಾಗಕ್ಕೂ ನಿಮ್ಮ ಮುಖಕ್ಕೂ ವಯಸ್ಸು ಒಂದೇ. ಆದರೂ ಐವತ್ತು ದಾಟಿದವರಲ್ಲಿ ಕೂಡ ಅಲ್ಲಿನ ಚರ್ಮ ನುಣುಪಾಗಿ, ಒಂದೇ ಬಣ್ಣದಲ್ಲಿ ಇರುತ್ತದೆ. ಅದೇ ದೇಹದ ಕೆನ್ನೆ, ಹಣೆ, ಕತ್ತಿನ ಹಿಂಭಾಗ ಮತ್ತು ಮುಂಗೈಗಳು ಮಾತ್ರ ಮಚ್ಚೆಮಚ್ಚೆಯಾಗಿ, ಒರಟಾಗಿ, ಗೆರೆ ಬಿದ್ದು ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತವೆ. ಈ ಎರಡರ ನಡುವಿನ ಅಂತರವೇ ಬಿಸಿಲು ಮಾಡಿದ ಹಾನಿ. ಆಸಿಡ್ ಕ್ರೀಮುಗಳು ಕೆಲಸ ಮಾಡುವುದು ಮುಖ್ಯವಾಗಿ ಈ ಅಂತರದ ಮೇಲೆ. ತೋಳಿನ ಒಳಬದಿಗಿಂತಲೂ ಮುಖ ಬೆಳ್ಳಗಾಗುತ್ತದೆ ಎಂದು ಯಾವುದಾದರೂ ಟ್ಯೂಬ್ ಹೇಳಿಕೊಂಡರೆ ಅದರೊಳಗೆ ಬೇರೆ ಏನೋ ಇದೆ ಎಂದು ಅನುಮಾನಿಸಬೇಕು. ಆ 'ಬೇರೆ ಏನೋ' ಕುರಿತು ಮುಂದೆ ವಿವರವಾಗಿ ಹೇಳುತ್ತೇನೆ.

ಕಲಬುರಗಿಯಲ್ಲಿ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಂತು ನನಗೆ ಬಹಳ ವರ್ಷಗಳಾದವು. ನಾನು ವೈದ್ಯನಲ್ಲ. ಟ್ಯೂಬ್ ಕೊಂಡವರು ಅದನ್ನು ಹೇಗೆ ಹಚ್ಚಿ ಕೆಡಿಸಿಕೊಳ್ಳುತ್ತಾರೆ, ಹೇಗೆ ಹಚ್ಚಿದವರಿಗೆ ಗುಣ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವನು. 'ಆಸಿಡ್' ಎಂದೊಡನೆ ನಮ್ಮ ಜನರಿಗೆ ಬ್ಯಾಟರಿಯದೋ ಬಚ್ಚಲು ತೊಳೆಯುವುದೋ ನೆನಪಾಗುತ್ತದೆ. ಇಲ್ಲಿ ಆ ಭಯ ಬೇಡ, ಆದರೆ ಆ ಹೆಸರಿಗೆ ಸಲ್ಲಬೇಕಾದ ಎಚ್ಚರ ಬೇಕು.

ಬಿಸಿಲು ನಮ್ಮ ಚರ್ಮಕ್ಕೆ ಏನು ಮಾಡುತ್ತದೆ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಉತ್ತರ ಅಕ್ಷಾಂಶ 17 ಡಿಗ್ರಿಯ ಆಸುಪಾಸಿನಲ್ಲಿವೆ. ಹೀಗಾಗಿ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತು, ಮನುಷ್ಯನ ನೆರಳು ಅವನ ಕಾಲಡಿಯಲ್ಲೇ ಅಡಗುತ್ತದೆ. ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಲ್ಲಿ ಸುಡುವುದು ಯುವಿಬಿ; ಅದನ್ನು ಚರ್ಮ ಉರಿಯುವುದರಿಂದಲೇ ಗುರುತಿಸಬಹುದು. ಮುಪ್ಪು ತರುವುದರಲ್ಲಿ ದೊಡ್ಡ ಪಾಲು ಯುವಿಎಯದು. 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಈ ಕಿರಣ ಸುಟ್ಟ ಅನುಭವವನ್ನೇ ಕೊಡದೆ ಚರ್ಮದ ಒಳಪದರಕ್ಕೆ ಇಳಿದು, ಅಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲ್ಯಾಜನ್ ಎಳೆಗಳನ್ನು ತುಂಡರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಅದು ಸಾಮಾನ್ಯ ಗಾಜನ್ನೂ ದಾಟಿ ಬರುತ್ತದೆ. ದಿನಾ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬೀದರಿನಿಂದ ಕಲಬುರಗಿಗೆ ನೌಕರಿಗೆ ಬರುವವರು ಇದನ್ನು ಮನಸ್ಸಿನಲ್ಲಿಡಬೇಕು.

ಬಿಳಿಯ ಚರ್ಮದವರಲ್ಲಿ ಬಿಸಿಲಿನ ಮುಪ್ಪು ಮೊದಲು ಸುಕ್ಕಾಗಿ ಕಾಣುತ್ತದೆ. ಗೋಧಿ ಬಣ್ಣದ, ಕಪ್ಪು ಬಣ್ಣದ ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಒಂದಿಷ್ಟು ಕಾಪಾಡುವುದರಿಂದ ಸುಕ್ಕು ತಡವಾಗಿ ಬಂದು, ಕಲೆ, ಬಂಗು ಮತ್ತು ಮಾಸಿದ ಬಣ್ಣ ಮೊದಲು ಬರುತ್ತವೆ. ನಮ್ಮನ್ನು ಕಾಪಾಡುವ ಈ ಬಣ್ಣವನ್ನು ತಯಾರಿಸುವ ಕೋಶಗಳಿಗೆ ಒಂದು ಕೆಟ್ಟ ಗುಣವೂ ಇದೆ: ಚರ್ಮ ಉರಿದಾಗ, ಕೆರೆದಾಗ, ಸುಲಿದಾಗ ಅವು ಆ ಜಾಗಕ್ಕೆ ಇನ್ನಷ್ಟು ಕಪ್ಪನ್ನು ಸುರಿಯುತ್ತವೆ. ಬಿಳಿಯರಿಗೆಂದು ಬರೆದ ಆಸಿಡ್ ಕ್ರಮವನ್ನು ಹಾಗೆಯೇ ಎತ್ತಿ ಇಲ್ಲಿ ಹಚ್ಚಿಕೊಂಡರೆ ಕಲೆ ಹೋಗುವ ಬದಲು ಕಲೆ ಬೆಳೆಯುವುದು ಇದೇ ಕಾರಣಕ್ಕೆ. ಮುಂದೆ ಹೇಳುವ ಪ್ರತಿ ಹಂತದಲ್ಲಿಯೂ ನಿಧಾನ ಎಂಬ ಮಾತು ಬರುವುದು ಇದಕ್ಕಾಗಿಯೇ.

ಕ್ರೀಮ್ ಕೊಳ್ಳುವ ಮೊದಲು

ಮುಖದ ಮೇಲಿನ ಎಲ್ಲ ಕಪ್ಪೂ ಬಿಸಿಲಿನದಲ್ಲ. ಕತ್ತಿನ ಹಿಂದೆ, ಕಂಕುಳಲ್ಲಿ, ಹಣೆಯ ಎರಡು ಬದಿಗಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮ ಹೆಚ್ಚಾಗಿ ಇನ್ಸುಲಿನ್ ಏರುಪೇರಿನ ಗುರುತಾಗಿರುತ್ತದೆ. ಅಂಥವರು ಕ್ರೀಮಿಗಿಂತ ಮೊದಲು ಸಕ್ಕರೆಯ ತಪಾಸಣೆ ಮಾಡಿಸಬೇಕು. ಕೂದಲಿಗೆ ಬಣ್ಣ ಹಚ್ಚುವವರಲ್ಲಿ ಹಣೆಯ ಅಂಚು ಮತ್ತು ಕಿವಿಯ ಮುಂದಿನ ಭಾಗ ಬೂದುಗಪ್ಪಾಗುತ್ತ ಬಂದಿದ್ದರೆ ಆ ಬಣ್ಣವೇ ಒಗ್ಗದಿರಬಹುದು. ಕೆನ್ನೆಯ ಮೇಲೆ ಸಾಸಿವೆ ಅಂಟಿಸಿದಂತೆ ಏಳುವ ಸಣ್ಣ ಕಪ್ಪು ಗುಳ್ಳೆಗಳು ಯಾವ ಆಸಿಡ್ ಕ್ರೀಮಿಗೂ ಉದುರುವುದಿಲ್ಲ. ತಿಂಗಳಾದರೂ ಮಾಯದ ಹುಣ್ಣು, ರಕ್ತ ಜಿನುಗುವ ಗಂಟು, ಅಂಚು ಅಂಕುಡೊಂಕಾಗಿ ಬೆಳೆಯುತ್ತಿರುವ ಮಚ್ಚೆ ಇದ್ದರೆ ಕ್ರೀಮಿನ ಯೋಚನೆಯನ್ನೇ ಬಿಟ್ಟು ಚರ್ಮವೈದ್ಯರ ಹತ್ತಿರ ಹೋಗಬೇಕು. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಒಂದು ಚೀಟಿ ಮಾಡಿಸಿ ತೋರಿಸಿಕೊಂಡು ಬರುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಈಗ ಆ 'ಬೇರೆ ಏನೋ' ಕುರಿತು. "ಅಣ್ಣಾರ, ಮಾರಿಗಿ ಹಚ್ಚೂ ಟೂಬ್ ಕೊಡ್ರಿ, ಅದೇ ಹಳೇದು" ಎಂದು ಕೇಳಿಕೊಂಡು ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಹಳೆಯ ಟ್ಯೂಬ್ ತೋರಿಸಿ ಎಂದರೆ ಸೆರಗಿನ ತುದಿಯಿಂದ ಬಿಚ್ಚಿ ಕೊಡುತ್ತಾರೆ: ತಳದಿಂದ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿದ ಟ್ಯೂಬು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಮೂರು ಹೆಸರುಗಳಿರುತ್ತವೆ. ಮೂರನೆಯದು ಸ್ಟೀರಾಯ್ಡ್. ಬಂಗಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಈ ಮಿಶ್ರಣವನ್ನು ಜನ ಬೆಳ್ಳಗಾಗುವ ಕ್ರೀಮೆಂದು ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತದೆ, ಹೆಂಗಸರ ಗಲ್ಲದ ಮೇಲೆ ಕೂದಲು ಬರುತ್ತದೆ, ಒಂದು ದಿನ ಬಿಟ್ಟರೂ ಮುಖ ಉರಿಯುತ್ತದೆ. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮ ಬಿಗಿಯಾಗಿದೆ, ಆದರೂ ಅವು ಕೈಯಿಂದ ಕೈಗೆ ದಾಟುತ್ತಲೇ ಇವೆ. ನಿಮ್ಮ ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲುಒಸಿನೋಲೋನ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದು, ಅದನ್ನು ತಿಂಗಳುಗಳಿಂದ ಹಚ್ಚುತ್ತಿದ್ದರೆ, ಒಮ್ಮೆಲೇ ಬಿಡಬೇಡಿ ಮತ್ತು ಅದರ ಮೇಲೆ ಆಸಿಡ್ ಕ್ರೀಮ್ ಹಚ್ಚಬೇಡಿ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಅದನ್ನು ಬಿಟ್ಟು, ಚರ್ಮ ಸುಧಾರಿಸಿದ ಮೇಲೆಯೇ ಈ ಕ್ರಮಕ್ಕೆ ಕೈಹಾಕಬೇಕು.

ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಟ್ರೆಟಿನಾಯಿನ್ ಮತ್ತು ಅದರ ಕುಲದ, ಅಂದರೆ ವಿಟಮಿನ್ ಎಯಿಂದ ಬರುವ, ಕ್ರೀಮುಗಳನ್ನು ಮುಟ್ಟಬಾರದು. ಬಿ.ಪಿ.ಗೆಂದು ಕೊಡುವ ಹೈಡ್ರೋಕ್ಲೋರೋಥಯಝೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಮುಂತಾದ ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವುದರಿಂದ, ಅವುಗಳನ್ನು ನುಂಗುವವರು ಆ ಸಂಗತಿಯನ್ನು ಚರ್ಮವೈದ್ಯರಿಗೆ ಮೊದಲೇ ತಿಳಿಸಬೇಕು.

ಯಾವ ಆಸಿಡ್, ಎಷ್ಟು ಪ್ರಮಾಣ

ಬಿಸಿಲಿನ ಮುಪ್ಪಿಗೆ ಎಲ್ಲಕ್ಕಿಂತ ಹೆಚ್ಚು ಪುರಾವೆ ಇರುವುದು ಟ್ರೆಟಿನಾಯಿನ್‌ಗೆ, ಅಂದರೆ ವಿಟಮಿನ್ ಎಯಿಂದ ಬರುವ ರೆಟಿನೋಯಿಕ್ ಆಸಿಡ್‌ಗೆ. ಅಮೆರಿಕದಲ್ಲಿ 1971ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಮೊಡವೆಯ ಔಷಧವಾಗಿ. ಮೊಡವೆಗೆಂದು ಹಚ್ಚುತ್ತಿದ್ದ ನಡುವಯಸ್ಸಿನ ಹೆಂಗಸರ ಮುಖದ ಗೆರೆಗಳೂ ತಿಳಿಯಾಗುತ್ತಿದ್ದುದನ್ನು ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಗಮನಿಸಿದರು. ಮುಂದೆ ಪರೀಕ್ಷೆಗಳು ನಡೆದು, 1995ರಲ್ಲಿ ಬಿಸಿಲಿನ ಹಾನಿಗೂ 0.05 ಪ್ರತಿಶತದ ಕ್ರೀಮಿಗೆ ಅನುಮತಿ ದೊರೆಯಿತು. ಇದು ಹೆಸರಿಗೆ ಆಸಿಡ್ ಆದರೂ ಚರ್ಮವನ್ನು ಸುಟ್ಟು ಸುಲಿಯುವುದಿಲ್ಲ. ಕೋಶದ ಒಳಗೆ ಹೋಗಿ, ಹೊಸ ಕೋಶಗಳು ಬೇಗ ಹುಟ್ಟುವಂತೆ, ಕೊಲ್ಯಾಜನ್ ಕಡಿಯುವ ಕಿಣ್ವಗಳು ತಣ್ಣಗಾಗುವಂತೆ ಅಪ್ಪಣೆ ಕೊಡುವ ಕೆಲಸ ಅದರದು. ನಮ್ಮಲ್ಲಿ 0.025, 0.05 ಮತ್ತು 0.1 ಪ್ರತಿಶತದ ಟ್ಯೂಬುಗಳು ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. ನಮ್ಮ ಚರ್ಮಕ್ಕೆ 0.025ರಿಂದಲೇ ಶುರು ಮಾಡಬೇಕು. ಹಲವರಿಗೆ ಅಲ್ಲಿಂದ ಮೇಲೇರುವ ಅಗತ್ಯವೇ ಬೀಳುವುದಿಲ್ಲ. ಚೀಟಿಯಿಲ್ಲದೆ ಸಿಗುವ ರೆಟಿನಾಲ್ ಚರ್ಮದೊಳಗೆ ಎರಡು ಹಂತ ದಾಟಿ ರೆಟಿನೋಯಿಕ್ ಆಸಿಡ್ ಆಗಬೇಕಾದ್ದರಿಂದ ಅದರ ಕೆಲಸ ಮೆಲ್ಲಗೆ ನಡೆಯುತ್ತದೆ, ಉರಿಯೂ ಕಡಿಮೆ.

ಎರಡನೆಯ ಗುಂಪು ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಸಿಡ್‌ಗಳದು. ಕಬ್ಬಿನಲ್ಲಿರುವುದು ಮೊದಲನೆಯದು, ಮೊಸರಿನಲ್ಲಿರುವುದು ಎರಡನೆಯದು. ಇವು ಮೇಲ್ಪದರದ ಸತ್ತ ಕೋಶಗಳ ಅಂಟನ್ನು ಸಡಿಲಿಸಿ ಉದುರಿಸುತ್ತವೆ. ಮನೆಯಲ್ಲಿ ಹಚ್ಚುವ ಕ್ರೀಮಿನಲ್ಲಿ ಗ್ಲೈಕಾಲಿಕ್ ಪ್ರಮಾಣ 10 ಪ್ರತಿಶತವನ್ನು ಮೀರಬಾರದು, ಆಮ್ಲದ ಕಟುತ್ವ ಹೇಳುವ ಪಿಎಚ್ (ಅಂಕಿ ಇಳಿದಷ್ಟೂ ಕಟು) 3.5ಕ್ಕಿಂತ ಕೆಳಗಿರಬಾರದು. ಆನ್‌ಲೈನಿನಲ್ಲಿ 30, 50, 70 ಪ್ರತಿಶತದ ಸೀಸೆಗಳೂ ಸಿಗುತ್ತವೆ. ಅವು ವೈದ್ಯರು ನಿಮಿಷ ಎಣಿಸುತ್ತ ಹಚ್ಚಿ ತೊಳೆಯುವಂಥವು, ಮನೆಗೆ ತರಬೇಡಿ. ಒಣ ಚರ್ಮದವರಿಗೆ ಲ್ಯಾಕ್ಟಿಕ್ ಮೇಲು. ಮುಂಗೈ, ಮೊಣಕೈಗಳಿಗೆ 12 ಪ್ರತಿಶತದ ಲೋಷನ್ ಕೂಡ ನಡೆಯುತ್ತದೆ.

ಅಝೆಲಾಯಿಕ್ ಆಸಿಡ್, 10 ಅಥವಾ 20 ಪ್ರತಿಶತ, ಸುಕ್ಕಿಗೆ ಹೆಚ್ಚೇನೂ ಮಾಡದು, ಆದರೆ ಕಲೆಗೆ ಒಳ್ಳೆಯದು. ವೈದ್ಯರ ಒಪ್ಪಿಗೆಯಿದ್ದರೆ ಗರ್ಭಿಣಿಯರಿಗೂ ಆಗುತ್ತದೆ. ಸ್ಯಾಲಿಸಿಲಿಕ್ ಎಣ್ಣೆ ಚರ್ಮದ, ಮೊಡವೆಯ ಔಷಧ. ಬಿಸಿಲಿನ ಮುಪ್ಪಿನಲ್ಲಿ ಅದರ ಪಾತ್ರ ಸಣ್ಣದು.

ನಿಂಬೆಹಣ್ಣೂ ಆಸಿಡ್ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅದರ ಪಿಎಚ್ ಸುಮಾರು 2. ಅದರ ರಸ ಹಚ್ಚಿ ಬಿಸಿಲಿಗೆ ಹೋದರೆ ಗುಳ್ಳೆಯೆದ್ದು ತಿಂಗಳುಗಟ್ಟಲೆ ಉಳಿಯುವ ಕಪ್ಪು ಬೀಳಬಹುದು. ಅದು ಮಜ್ಜಿಗೆಗೆ, ಅವಲಕ್ಕಿಗೆ ಇರಲಿ.

ಮೊದಲ ಎರಡು ವಾರ: ಆಸಿಡ್ ಇಲ್ಲದೆ

ಟ್ಯೂಬ್ ತಂದ ರಾತ್ರಿಯೇ ಹಚ್ಚಬೇಡಿ. ಎರಡು ವಾರ ಬರೀ ಮುಖ ತೊಳೆಯುವುದು, ಮಾಯಿಶ್ಚರೈಸರ್ ಹಚ್ಚುವುದು, ಬೆಳಿಗ್ಗೆ ಸನ್‌ಸ್ಕ್ರೀನ್ ಬಳಿಯುವುದು ಇಷ್ಟನ್ನೇ ರೂಢಿಸಿಕೊಳ್ಳಿ. ಈ ಎರಡು ವಾರದಲ್ಲಿ ಸನ್‌ಸ್ಕ್ರೀನಿನ ರೂಢಿ ಹಿಡಿಯಲಿಲ್ಲವೆಂದರೆ, ಮರೆತು ಹೋಯಿತು, ಜಿಡ್ಡೆನಿಸಿತು, ಬೇಸರವಾಯಿತು ಎಂದರೆ, ಆಸಿಡ್ ಕ್ರೀಮ್ ನಿಮಗಲ್ಲ. ಸನ್‌ಸ್ಕ್ರೀನ್ ಇಲ್ಲದೆ ನಮ್ಮ ಬಿಸಿಲಿನಲ್ಲಿ ಅದನ್ನು ಹಚ್ಚುವುದು ರಾತ್ರಿ ಬಿತ್ತಿ ಹಗಲು ದನ ಬಿಟ್ಟಂತೆ.

ನಮ್ಮ ಕಡೆ ಹಲವು ಊರುಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸೋಪು ನೊರೆ ಬಿಡದೆ ಮುಖದ ಮೇಲೆಯೇ ಅಂಟಿ ಉಳಿದು ಚರ್ಮ ಬಿಗಿಯುತ್ತದೆ. ಸೋಪಿನ ಬದಲು ಮೃದುವಾದ ಫೇಸ್‌ವಾಶ್ ಬಳಸಿ. ಕೊನೆಗೆ ಒಂದು ಚೊಂಬು ಕುಡಿಯುವ ನೀರಿನಿಂದ ಮುಖ ತೊಳೆದರೆ ಇನ್ನೂ ಒಳ್ಳೆಯದು. ಎರಡನೇ ವಾರದ ಕೊನೆಗೆ ಕಿವಿಯ ಹಿಂದೆ ಅಥವಾ ದವಡೆಯ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮೂರು ರಾತ್ರಿ ಕ್ರೀಮ್ ಸವರಿ ನೋಡಿ. ತುಸು ಒಣಗಿದರೆ ಚಿಂತೆಯಿಲ್ಲ. ಊದಿಕೊಂಡು ತುರಿಸಿದರೆ ಅಲ್ಲಿಗೇ ನಿಲ್ಲಿಸಿ.

ಹಚ್ಚುವ ರಾತ್ರಿ

ಟ್ರೆಟಿನಾಯಿನ್ ಬೆಳಕಿಗೆ ಕೆಡುವುದರಿಂದ ಅದನ್ನು ರಾತ್ರಿಯೇ ಹಚ್ಚಬೇಕು. ಮುಖ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಆಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಕಾಯಬೇಕು, ಏಕೆಂದರೆ ಹಸಿ ಚರ್ಮಕ್ಕೆ ಹಚ್ಚಿದ ಕ್ರೀಮ್ ಬೇಕಾದ್ದಕ್ಕಿಂತ ಹೆಚ್ಚು ಒಳಗಿಳಿದು ಉರಿಸುತ್ತದೆ. ಊಟಕ್ಕೆ ಮೊದಲು ಮುಖ ತೊಳೆದು, ಊಟ ಮುಗಿಸಿ ಹಚ್ಚುವ ಪದ್ಧತಿ ಇಟ್ಟುಕೊಂಡರೆ ಕಾಯುವ ಬೇಸರವಿರುವುದಿಲ್ಲ. ಕಣ್ಣಿನ ಮೂಲೆ, ಮೂಗಿನ ಹೊಳ್ಳೆಯ ಸಂದು, ತುಟಿಯ ಅಂಚುಗಳಿಗೆ ಮೊದಲೇ ವ್ಯಾಸಲಿನ್ ಸವರಿ. ಕ್ರೀಮ್ ಜಾರಿ ಹೋಗಿ ನಿಲ್ಲುವುದು, ಬಿರುಕು ಬಿಡುವುದು ಅಲ್ಲಿಯೇ.

ಬೆರಳ ತುದಿಗೆ ಹಿಂಡುವ ಪ್ರಮಾಣವನ್ನು ಪುಸ್ತಕಗಳು ಬಟಾಣಿಯಷ್ಟು ಎನ್ನುತ್ತವೆ. ಹೊಸಬರು ಅದಕ್ಕಿಂತಲೂ ಕಡಿಮೆ, ಒಂದು ತೊಗರಿ ಕಾಳಿನಷ್ಟು, ಹಿಂಡಿದರೆ ಸಾಕು. ಅದನ್ನು ಹಣೆ, ಎರಡು ಕೆನ್ನೆ, ಗಲ್ಲಗಳಿಗೆ ಐದಾರು ಚುಕ್ಕೆಗಳಾಗಿ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಸೇರಿಸುತ್ತ ಇಡೀ ಮುಖಕ್ಕೆ ತೆಳುವಾಗಿ ಹರಡಿ. ಹರಡಿದ ಮೇಲೆ ಬಿಳಿ ಕಂಡರೆ ಹೆಚ್ಚಾಯಿತೆಂದು ಅರ್ಥ. ಕಲೆಯ ಮೇಲೆ ಮಾತ್ರ ದಪ್ಪಗೆ ಮೆತ್ತುವವರು ಬಹಳ. ಅದರಿಂದ ಕಲೆಯ ಸುತ್ತ ಕೆಂಪು ಉಂಗುರ ಏಳುತ್ತದೆಯೇ ಹೊರತು ಕಲೆ ಬೇಗ ಹೋಗುವುದಿಲ್ಲ. ಕಾಲು ಗಂಟೆ ಬಿಟ್ಟು ಮೇಲೆ ಮಾಯಿಶ್ಚರೈಸರ್ ಹಚ್ಚಿ. ಚರ್ಮ ತೀರ ಸೂಕ್ಷ್ಮವಾಗಿದ್ದರೆ ಮೊದಲು ಮಾಯಿಶ್ಚರೈಸರ್, ನಡುವೆ ಕ್ರೀಮ್, ಮೇಲೆ ಮತ್ತೆ ಮಾಯಿಶ್ಚರೈಸರ್ ಎಂದು ಮೂರು ಪದರ ಮಾಡಬಹುದು. ಕತ್ತಿಗೆ ಬೇರೆ ಕ್ರೀಮ್ ಹಿಂಡಬೇಡಿ, ಕೈಯಲ್ಲಿ ಉಳಿದದ್ದನ್ನು ಸವರಿದರೆ ಸಾಕು. ಅಲ್ಲಿನ ಚರ್ಮ ಮುಖಕ್ಕಿಂತ ಬೇಗ ಮುನಿಯುತ್ತದೆ.

ಹಚ್ಚಲು ಶುರು ಮಾಡಿದ ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ ಮಾತ್ರ. ಮುಖ ತಡೆದುಕೊಂಡರೆ ಮುಂದಿನ ಎರಡು ವಾರ ಮೂರು ರಾತ್ರಿ, ಆಮೇಲೆ ದಿನ ಬಿಟ್ಟು ದಿನ. ಎರಡು ತಿಂಗಳ ನಂತರ ಪ್ರತಿ ರಾತ್ರಿ ಹಚ್ಚಬಹುದು, ಆದರೆ ಹಚ್ಚಲೇಬೇಕೆಂದಿಲ್ಲ. ದಿನ ಬಿಟ್ಟು ದಿನವೇ ನಿಂತು ವರ್ಷಗಟ್ಟಲೆ ಹಚ್ಚುವವರು, ಹಟ ಹಿಡಿದು ದಿನಾ ಹಚ್ಚಿ ತಿಂಗಳಿಗೇ ಕೈಬಿಡುವವರಿಗಿಂತ ಹೆಚ್ಚು ಪಡೆಯುತ್ತಾರೆ.

ಸಿಪ್ಪೆ ಏಳುವ ದಿನಗಳು

ಎರಡನೇ ವಾರದಿಂದ ಆರನೇ ವಾರದವರೆಗೆ ಚರ್ಮ ತುಸು ಕೆಂಪಾಗುವುದು, ಬಿಗಿಯುವುದು, ಬಾಯಿಯ ಸುತ್ತ ಹೊಟ್ಟಿನಂತೆ ಸಿಪ್ಪೆ ಏಳುವುದು ಸಹಜ. ಅದನ್ನು ಉಗುರಿನಿಂದ ಕೀಳಬೇಡಿ, ಸ್ಕ್ರಬ್ಬಿನಿಂದ ಉಜ್ಜಬೇಡಿ. ನೀರು ತಾಗಿದರೂ ಉರಿಯುವುದು, ಊದುವುದು, ಗುಳ್ಳೆಯಲ್ಲಿ ನೀರು ತುಂಬುವುದು ಸಹಜವಲ್ಲ. ಆಗ ಎಲ್ಲ ಆಸಿಡ್ ನಿಲ್ಲಿಸಿ, ಮಾಯಿಶ್ಚರೈಸರ್ ಮತ್ತು ವ್ಯಾಸಲಿನ್ ಮಾತ್ರ ಹಚ್ಚಿ, ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಚರ್ಮ ಪೂರ್ತಿ ಶಾಂತವಾದ ಮೇಲೆ ಮತ್ತೆ ವಾರಕ್ಕೆ ಒಂದು ರಾತ್ರಿಯಿಂದ ಶುರು.

ಊರಿಗೆಲ್ಲ ಹೇಳುವ ನಾನೇ ಇದರಲ್ಲಿ ಎಡವಿದ್ದೇನೆ. ನಲವತ್ತರ ಆಚೆ ಕಪಾಟಿನಿಂದ 0.05ರ ಟ್ಯೂಬ್ ತೆಗೆದು, ನನಗೇನು ಗೊತ್ತಿಲ್ಲದ್ದೇ ಎಂದು ಮೊದಲ ದಿನದಿಂದಲೇ ದಿನಾ ಹಚ್ಚಿದೆ. ಐದನೇ ದಿನ ಮೂಗಿನ ಸಂದಿಯಲ್ಲಿ ಬಿರುಕು ಬಿಟ್ಟು, ಎರಡೂ ಕೆನ್ನೆಗೆ ಇಸ್ತ್ರಿ ತಾಗಿಸಿದಂತಾಯಿತು. ಶ್ರಾವಣದಲ್ಲಿ ಬಿದ್ದ ಆ ಕಪ್ಪು ಪಟ್ಟಿ ಯುಗಾದಿಯ ಹೊತ್ತಿಗೂ ಪೂರ್ತಿ ಹೋಗಿರಲಿಲ್ಲ.

ಗ್ಲೈಕಾಲಿಕ್ ಅಥವಾ ಲ್ಯಾಕ್ಟಿಕ್ ಸೇರಿಸುವುದಿದ್ದರೆ ಮೂರು ತಿಂಗಳ ನಂತರ, ಟ್ರೆಟಿನಾಯಿನ್ ಇಲ್ಲದ ರಾತ್ರಿ, ವಾರಕ್ಕೊಮ್ಮೆಯಿಂದ ಸೇರಿಸಿ. ಒಂದೇ ರಾತ್ರಿ ಎರಡೂ ಬೇಡ. ಮೊಡವೆಯ ಬೆಂಝೋಯಿಲ್ ಪೆರಾಕ್ಸೈಡ್ ಜೆಲ್ಲನ್ನೂ ಟ್ರೆಟಿನಾಯಿನ್ ಜೊತೆ ಹಚ್ಚಬಾರದು, ಅದು ಟ್ರೆಟಿನಾಯಿನ್ನನ್ನು ಕೆಡಿಸುತ್ತದೆ. ಅಝೆಲಾಯಿಕ್ ಬೆಳಿಗ್ಗೆ ಹಚ್ಚಬಹುದು.

ಹಗಲು

ಯುವಿಬಿ ತಡೆಯನ್ನು ಹೇಳುವ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಯುವಿಎ ತಡೆಯನ್ನು ಹೇಳುವ ಪಿಎ ಎಂಬ ಅಕ್ಷರಗಳ ಮುಂದೆ ಮೂರಾದರೂ ಪ್ಲಸ್ ಗುರುತಿರುವ ಸನ್‌ಸ್ಕ್ರೀನ್ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಸರಿಹೋಗುತ್ತದೆ. ನಮ್ಮಲ್ಲಿ ಬಹುತೇಕರು ಹಚ್ಚುವುದು ಅದರ ಕಾಲು ಭಾಗ. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬಂಗನ್ನು ಕೆರಳಿಸುವಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ.

ಹೊಲದಲ್ಲಿ ಕಳೆ ಕೀಳುವವರಿಗೆ, ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಎರಡು ತಾಸಿಗೊಮ್ಮೆ ಕ್ರೀಮ್ ಬಳಿಯಿರಿ ಎನ್ನುವುದು ಆಗದ ಮಾತು. ಬೆವರಿನಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಥವರಿಗೆ ದಟ್ಟ ನೇಯ್ಗೆಯ ಟವೆಲ್ಲು ಅಥವಾ ಸೆರಗು ಹಣೆಯ ಮುಂದಕ್ಕೆ ಚಾಚುವಂತೆ ಸುತ್ತಿಕೊಳ್ಳುವುದೇ ಸನ್‌ಸ್ಕ್ರೀನ್. ದಿನವಿಡೀ ಬಿಸಿಲಿನಲ್ಲಿರುವ ಕೆಲಸದವರಿಗೆ ಟ್ರೆಟಿನಾಯಿನ್‌ಗಿಂತ ಅಝೆಲಾಯಿಕ್ ವಾಸಿ ಎಂಬುದು ನನ್ನ ಅಭಿಪ್ರಾಯ. ಕೊನೆಯ ಮಾತು ವೈದ್ಯರದು.

ಕಾಲ, ಹಬ್ಬ, ಕಪಾಟು

ಶುರು ಮಾಡಲು ಮಿರಗ ಕಳೆದು ಆರಿದ್ರಾ ಮಳೆ ಹಿಡಿದ ಹೊತ್ತು ಚೆನ್ನ. ಗಾಳಿಯಲ್ಲಿ ತೇವವಿರುತ್ತದೆ, ಮುಖ ಬೇಗ ಒಣಗುವುದಿಲ್ಲ. ಮೋಡ ಕವಿದರೂ ಯುವಿಎ ಬರುತ್ತಲೇ ಇರುವುದರಿಂದ ಸನ್‌ಸ್ಕ್ರೀನ್ ಬಿಡುವಂತಿಲ್ಲ. ತೊಗರಿ ಕೊಯ್ಲಿನ ಚಳಿಗಾಲ ಬರುವಷ್ಟರಲ್ಲಿ ಚರ್ಮ ಕ್ರೀಮಿಗೆ ಹೊಂದಿಕೊಂಡಿರುತ್ತದೆ. ಬೀದರಿನ ಒಣ ಚಳಿಗೆ ಮಾತ್ರ ಮಾಯಿಶ್ಚರೈಸರ್ ದಪ್ಪಗಿರಲಿ. ಮಾರ್ಚ್‌ನಿಂದ ಮೇವರೆಗೆ ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿಸಿ, ಗ್ಲೈಕಾಲಿಕ್ಕನ್ನು ಪೂರ್ತಿ ನಿಲ್ಲಿಸಿದರೆ ನಷ್ಟವಿಲ್ಲ. ಗ್ಲೈಕಾಲಿಕ್ ತರುವ ಬಿಸಿಲಿನ ಸೂಕ್ಷ್ಮತೆ ನಿಲ್ಲಿಸಿದ ಒಂದು ವಾರದೊಳಗೆ ಇಳಿಯುತ್ತದೆ.

ಮನೆಯಲ್ಲಿ ಮದುವೆ ಇದ್ದರೆ ಅರಿಷಿಣ ಹಚ್ಚುವ ದಿನಕ್ಕೆ ಒಂದು ವಾರ ಮೊದಲೇ ಕ್ರೀಮ್ ನಿಲ್ಲಿಸಿ; ಕಡಲೆಹಿಟ್ಟು ಬೆರೆಸಿ ನಾಲ್ಕಾರು ಕೈಗಳು ತಿಕ್ಕುವ ಅರಿಷಿಣವನ್ನು ತೆಳುವಾದ ಚರ್ಮ ತಡೆಯದು. ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್‌ಗಳಿಗೂ ಇದೇ ಮಾತು. ವ್ಯಾಕ್ಸ್ ಎಳೆದಾಗ ಕೂದಲಿನ ಜೊತೆ ಚರ್ಮವೂ ಕಿತ್ತು ಬಂದದ್ದನ್ನು ನಾನು ಕಂಡಿದ್ದೇನೆ.

ಮೇ ತಿಂಗಳಲ್ಲಿ ತಗಡಿನ ಮನೆಯ ಕಪಾಟಿನೊಳಗೆ ಇಟ್ಟ ಟ್ಯೂಬ್ ತೆರೆದರೆ ಮೊದಲು ಎಣ್ಣೆ ಸುರಿದು, ಆಮೇಲೆ ಕ್ರೀಮ್ ಬರುತ್ತದೆ. ಅಂಥದ್ದನ್ನು ಎಸೆಯಬೇಕು. ಫ್ರಿಜ್ಜಿದ್ದರೆ ಬಾಗಿಲಿನ ಖಾನೆಯಲ್ಲಿ ಇಡಿ, ಹೆಪ್ಪುಗಟ್ಟಿಸಬೇಡಿ. ಇಲ್ಲದಿದ್ದರೆ ನೀರಿನ ಮಣ್ಣಿನ ಹರವಿಯ ಪಕ್ಕದ ತಂಪು ಮೂಲೆಯಾದರೂ ಆಗಬಹುದು.

ಗುಣ ಕಾಣುವುದು ಯಾವಾಗ

ನುಣುಪು ಎರಡನೇ ತಿಂಗಳಿಗೆ ಕೈಗೆ ಸಿಗುತ್ತದೆ. ಕಲೆ ತಿಳಿಯಾಗಲು ಮೂರರಿಂದ ಆರು ತಿಂಗಳು, ಸಣ್ಣ ಗೆರೆಗಳಿಗೆ ಆರು ತಿಂಗಳಿಂದ ವರ್ಷ ಬೇಕು. ಜೋತುಬಿದ್ದ ಗಲ್ಲ, ಹಣೆಯ ಆಳವಾದ ಮಡಿಕೆಗಳು ಇದಕ್ಕೆ ಬಗ್ಗುವುದಿಲ್ಲ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲವಾದ್ದರಿಂದ, ತಿಂಗಳಿಗೊಮ್ಮೆ ಒಂದೇ ಕಿಟಕಿಯ ಮುಂದೆ, ಬೆಳಗಿನ ಒಂದೇ ಹೊತ್ತಿಗೆ, ಏನೂ ಹಚ್ಚದ ಮುಖದ ಫೋಟೋ ತೆಗೆದಿಡಿ. ವರ್ಷ ತುಂಬಿದ ಮೇಲೆ ವಾರಕ್ಕೆ ಎರಡು ಮೂರು ರಾತ್ರಿ ಹಚ್ಚುತ್ತಿದ್ದರೆ ಬಂದ ಗುಣ ಉಳಿಯುತ್ತದೆ. ಪೂರ್ತಿ ಬಿಟ್ಟರೆ ಮೆಲ್ಲಗೆ ಕರಗುತ್ತದೆ.

ಕೊನೆಗೊಂದು ಲೆಕ್ಕ. ಬಟಾಣಿಯಷ್ಟು ಕ್ರೀಮ್ ಎಂದರೆ ಸುಮಾರು ಕಾಲು ಗ್ರಾಂ. 20 ಗ್ರಾಮಿನ ಟ್ಯೂಬ್ ಅಲ್ಲಿಗೆ 80 ರಾತ್ರಿಗೆ ಬರಬೇಕು, ದಿನ ಬಿಟ್ಟು ದಿನ ಹಚ್ಚುವವರಿಗೆ ಐದು ತಿಂಗಳು ದಾಟಬೇಕು. ತಿಂಗಳೊಳಗೆ ಎರಡನೇ ಟ್ಯೂಬ್ ಕೇಳಿಕೊಂಡು ಬಂದವರ ಮುಖವನ್ನು ನಾನು ಮೊದಲು ಕೌಂಟರಿನ ದೀಪದ ಕೆಳಗೆ ನೋಡುತ್ತೇನೆ, ಟ್ಯೂಬನ್ನು ಆಮೇಲೆ ತೆಗೆಯುತ್ತೇನೆ.